ಹೊಸ ಕ್ಲಚ್, ಬದಲಾದ ಪೆಡಲ್: ಯಾವುದು ಸಹಜ, ಯಾವುದು ದೋಷ?

ಕ್ಲಚ್ ಬದಲಾಯಿಸಿಕೊಂಡು ಗ್ಯಾರೇಜಿನಿಂದ ಗಾಡಿ ಹೊರತಂದವರು ಸಾಮಾನ್ಯವಾಗಿ ಮೊದಲ ಸಿಗ್ನಲ್ಲಿನಲ್ಲೇ ಅನುಮಾನಕ್ಕೆ ಬೀಳುತ್ತಾರೆ. ಪೆಡಲ್ ಮೊದಲಿನಂತಿಲ್ಲ. ಕೆಲವರಿಗೆ ಅದು ತೀರಾ ಹಗುರ, ಕೆಲವರಿಗೆ ವಿಪರೀತ ಗಟ್ಟಿ. ಮೊದಲು ಪೆಡಲ್ ಮುಕ್ಕಾಲು ಪಾಲು ಮೇಲೆ ಬಂದ ಮೇಲೆ ಗಾಡಿ ಕದಲುತ್ತಿತ್ತು. ಈಗ ಕಾಲು ನೆಲ ಬಿಡುತ್ತಿದ್ದಂತೆಯೇ ಹಿಡಿದುಬಿಡುತ್ತದೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಸಿಗುವ ಉತ್ತರ ಹೆಚ್ಚು ಕಡಿಮೆ ಒಂದೇ: "ಹೊಸದಲ್ವಾ ಸಾರ್, ಓಡಿಸ್ತಾ ಓಡಿಸ್ತಾ ಸೆಟ್ ಆಗತ್ತೆ." ಈ ಮಾತು ಅರ್ಧ ನಿಜ. ಓಡಿಸುತ್ತಾ ತಾನಾಗಿ ಸರಿಹೋಗುವಂಥವು ಕೆಲವಿವೆ. ಎಷ್ಟು ಓಡಿಸಿದರೂ ಸರಿಹೋಗದ, ಸುಮ್ಮನೆ ಬಿಟ್ಟರೆ ಗೇರ್‌ಬಾಕ್ಸನ್ನೇ ತಿಂದುಹಾಕುವಂಥವೂ ಇವೆ. ಇವೆರಡನ್ನು ಬೇರೆ ಮಾಡಿ ನೋಡಲು ಗಾಡಿಯ ಮಾಲೀಕರಿಗೆ ಬರಲೇಬೇಕು. ಬರದಿದ್ದರೆ ಸರಿಯಾದ ಕೆಲಸದ ಮೇಲೆ ಜಗಳ ಮಾಡುತ್ತೇವೆ, ತಪ್ಪು ಕೆಲಸಕ್ಕೆ ದುಡ್ಡು ಕೊಟ್ಟು ಬರುತ್ತೇವೆ.

ಸ್ಪೋರ್ಟ್ಸ್ ಕಾರಿನಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯವಾಗುತ್ತದೆ. ಅಲ್ಲಿ ಗೇರ್ ಬದಲಾವಣೆಯೇ ಓಡಿಸುವ ಸುಖದ ಅರ್ಧಪಾಲು. ಪೆಡಲ್ ಎಲ್ಲಿ ಹಿಡಿಯುತ್ತದೆ, ಎಷ್ಟು ಭಾರವಿದೆ, ಎಷ್ಟು ಬೇಗ ಮೇಲೆ ಬರುತ್ತದೆ ಎಂಬುದೆಲ್ಲ ಕಾಲಿಗೆ ಸ್ಪಷ್ಟವಾಗಿ ತಿಳಿಯಬೇಕು.

ಉದಾಹರಣೆಗೆ ಒಂದು ಗಾಡಿ ಇಟ್ಟುಕೊಂಡೇ ಮಾತಾಡೋಣ: ಮಜ್ದಾ ಎಂಎಕ್ಸ್-5. ನಮ್ಮ ರಸ್ತೆಗಳಲ್ಲಿ ಮಜ್ದಾ ಎಂದರೆ ಸ್ವರಾಜ್ ಮಜ್ದಾ ಮಿನಿಬಸ್ಸು, ಲಾರಿ ನೆನಪಾಗುವವರೇ ಹೆಚ್ಚು. ಎಂಎಕ್ಸ್-5 ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರಲೇ ಇಲ್ಲ. ಆದರೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ಕನ್ನಡಿಗರು ಸಂಬಳದ ದುಡ್ಡಿನಲ್ಲೇ ಸೆಕೆಂಡ್‌ಹ್ಯಾಂಡ್ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಇದು. 1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೊ ಶೋನಲ್ಲಿ ಮೊದಲು ಕಾಣಿಸಿಕೊಂಡಿತು. 2016ರಲ್ಲಿ ತಯಾರಿಕೆ ಹತ್ತು ಲಕ್ಷ ಮುಟ್ಟಿತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೊಂದಿಲ್ಲ. ಕ್ಲಚ್ಚನ್ನು ಅರ್ಥ ಮಾಡಿಕೊಳ್ಳಲು ಇದರ ಮೊದಲ ಎರಡು ತಲೆಮಾರು, ಅಂದರೆ 2005ರವರೆಗಿನ ಗಾಡಿಗಳು, ತುಂಬ ಅನುಕೂಲ. ಇವುಗಳಲ್ಲಿ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸಿನ ಹೊರಮೈಯಲ್ಲೇ ಇದೆ. ಪೆಡಲ್ ಒತ್ತಿದಾಗ ಏನಾಗುತ್ತದೆ ಎಂಬುದನ್ನು ಗಾಡಿಯ ಕೆಳಗಿನಿಂದ ಕಣ್ಣಾರೆ ನೋಡಬಹುದು.

ಹಳೆಯ ಪೆಡಲ್ ಅಳತೆಗೋಲಲ್ಲ

ಕಾಲು ಪೆಡಲನ್ನು ಒತ್ತಿದಾಗ ಮಾಸ್ಟರ್ ಸಿಲಿಂಡರ್ ಆಯಿಲನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಆ ಒತ್ತಡ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ಹೊರದೂಡುತ್ತದೆ. ಪಿಸ್ಟನ್ ಫೋರ್ಕನ್ನು, ಫೋರ್ಕ್ ರಿಲೀಸ್ ಬೇರಿಂಗನ್ನು, ಬೇರಿಂಗ್ ಪ್ರೆಷರ್ ಪ್ಲೇಟಿನ ನಡುವೆ ಎದ್ದು ಕಾಣುವ ಸ್ಪ್ರಿಂಗಿನ ಎಸಳುಗಳನ್ನು ಒತ್ತುತ್ತದೆ. ಆಗ ಪ್ರೆಷರ್ ಪ್ಲೇಟ್ ಹಿಂದೆ ಸರಿದು ಕ್ಲಚ್ ಪ್ಲೇಟಿಗೆ ಬಿಡುಗಡೆ ಸಿಗುತ್ತದೆ. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ. ಕಾಲಿಗೆ ತಿಳಿಯುವ ಭಾರದ ಬಹುಪಾಲು ಆ ಸ್ಪ್ರಿಂಗಿನದು.

ಕ್ಲಚ್ ಪ್ಲೇಟ್ ಸವೆಯುತ್ತಾ ಹೋದಂತೆ ಪ್ರೆಷರ್ ಪ್ಲೇಟ್ ಎಂಜಿನ್ನಿನ ತುದಿಯ ಫ್ಲೈವೀಲಿನ ಕಡೆಗೆ ಸರಿಯುತ್ತದೆ. ಅದರೊಂದಿಗೆ ಸ್ಪ್ರಿಂಗಿನ ಎಸಳುಗಳ ಕೋನ ಬದಲಾಗಿ, ಅವನ್ನು ಒತ್ತಲು ಹೆಚ್ಚು ಬಲ ಬೇಕಾಗುತ್ತದೆ. ಇದು ಒಂದೇ ದಿನದಲ್ಲಿ ಆಗುವುದಲ್ಲ, ವರ್ಷಗಳಲ್ಲಿ ಆಗುವುದು. ಹಾಗಾಗಿ ಕಾಲಿಗೆ ಗೊತ್ತೇ ಆಗುವುದಿಲ್ಲ. ಹೊಸ ಸೆಟ್ ಕೂತ ದಿನ ಪೆಡಲ್ ಏಕಾಏಕಿ ಹಗುರವಾದಂತೆ ಅನ್ನಿಸುವುದು ಇದರಿಂದಲೇ. ಕಂಪನಿಯ ಅಳತೆಯ ಸೆಟ್ ಹಾಕಿಸಿದ್ದರೆ ಪೆಡಲ್ ಹಗುರವಾಗುವುದು ಸಹಜ ಮಾತ್ರವಲ್ಲ, ಒಳ್ಳೆಯ ಲಕ್ಷಣ.

ಹಿಡಿಯುವ ಜಾಗವೂ, ಅಂದರೆ ಬೈಟಿಂಗ್ ಪಾಯಿಂಟ್ ಕೂಡ, ಬದಲಾಗುತ್ತದೆ. ಮಾರುತಿ 800, ಆಲ್ಟೊದಂಥ ಕೇಬಲ್ ಕ್ಲಚ್ಚಿನ ಗಾಡಿ ಓಡಿಸಿದವರಿಗೆ ಗೊತ್ತು, ಪ್ಲೇಟ್ ಸವೆದಷ್ಟೂ ಕ್ಲಚ್ ಮೇಲೆ ಮೇಲೆ ಹಿಡಿಯುತ್ತದೆ. ಆಯಿಲ್ ಕ್ಲಚ್ಚಿನಲ್ಲಿ ಸವೆತವನ್ನು ಸ್ಲೇವ್ ಸಿಲಿಂಡರ್ ತಾನೇ ಸರಿದೂಗಿಸುವುದರಿಂದ ವ್ಯತ್ಯಾಸ ಕಡಿಮೆ, ಆದರೆ ಇಲ್ಲವೆಂದಲ್ಲ. ಕ್ಲಚ್ ಪ್ಲೇಟಿನ ಎರಡು ಲೈನಿಂಗ್‌ಗಳ ನಡುವೆ ತೆಳುವಾದ, ಅಲೆಯಲೆಯಾದ ಸ್ಪ್ರಿಂಗ್ ತಗಡುಗಳಿರುತ್ತವೆ. ಮೆತ್ತಗೆ ಹಿಡಿಯುವಂತೆ ಮಾಡುವುದು ಅವೇ. ಹಳೆಯ ಪ್ಲೇಟಿನಲ್ಲಿ ಅವು ಚಪ್ಪಟೆಯಾಗಿರುತ್ತವೆ. ಹೊಸದರಲ್ಲಿ ಅವು ಚೆನ್ನಾಗಿ ಉಬ್ಬಿರುವುದರಿಂದ, ಪೂರ್ತಿ ಬಿಡಿಸಲು ಪ್ರೆಷರ್ ಪ್ಲೇಟ್ ಇನ್ನಷ್ಟು ಹಿಂದೆ ಸರಿಯಬೇಕು, ಅಂದರೆ ಪೆಡಲ್ ಇನ್ನಷ್ಟು ಕೆಳಗೆ ಹೋಗಬೇಕು. ಪೆಡಲ್ಲಿನ ನಡುಭಾಗದಲ್ಲೋ ಅದಕ್ಕಿಂತ ತುಸು ಕೆಳಗೋ ಹಿಡಿದರೆ ಚಿಂತೆ ಬೇಡ. ನೆಲದಿಂದ ಒಂದು ಬೆರಳು ಮೇಲೆ ಬರುವಷ್ಟರಲ್ಲೇ ಹಿಡಿದು, ರಿವರ್ಸ್ ಹಾಕುವಾಗ ಕರ್ ಎಂದರೆ ಅದು ಹೊಸತನವಲ್ಲ, ದೋಷ.

ಪೆಡಲ್ ಭಾರವಾದರೆ? ಮೊದಲು ಬಿಲ್ ನೋಡಿ, ಯಾವ ಸೆಟ್ ಹಾಕಿದ್ದಾರೆ ಎಂದು ಓದಿ. ಟರ್ಬೊ ಕೂರಿಸಿದ ಅಥವಾ ಟ್ರ್ಯಾಕಿನಲ್ಲಿ ಓಡಿಸುವ ಗಾಡಿಗೆಂದು ಮಾಡಿದ ಹೆಚ್ಚು ಬಿಗಿಯ ಪ್ರೆಷರ್ ಪ್ಲೇಟ್ ಹಾಕಿದ್ದರೆ ಭಾರ ಇದ್ದೇ ಇರುತ್ತದೆ. ಅದು ಓಡಿಸುತ್ತಾ ಇಳಿಯುವ ಭಾರವಲ್ಲ. ಮಾಮೂಲಿ ಎಂಜಿನ್ನಿನ ಎಂಎಕ್ಸ್-5ಗೆ ಇಂಥದ್ದನ್ನು ಹಾಕಿಸುವುದು ನನ್ನ ಪ್ರಕಾರ ದುಡ್ಡು ಕೊಟ್ಟು ಮೊಣಕಾಲು ನೋವು ತಂದುಕೊಂಡಂತೆ. ಆ ಎಂಜಿನ್ನಿನ ಬಲಕ್ಕೆ ಕಂಪನಿಯ ಕ್ಲಚ್ಚೇ ಧಾರಾಳ. ಮಾಮೂಲಿ ಸೆಟ್ ಹಾಕಿಯೂ ಪೆಡಲ್ ಭಾರವಾಗಿದ್ದರೆ ಫೋರ್ಕಿನ ಆಧಾರದ ಗುಂಡಿಗೆ, ಬೇರಿಂಗ್ ಜಾರುವ ಕೊಳವೆಗೆ ಗ್ರೀಸ್ ಹಚ್ಚಿಲ್ಲದಿರಬಹುದು. ಅಂಥ ಪೆಡಲ್ ಒತ್ತುವಾಗ ಒಂದೇ ಸಮ ಇಳಿಯದೆ ಅಲ್ಲಲ್ಲಿ ತಡೆದು ತಡೆದು ಇಳಿಯುತ್ತದೆ, ಕೆಲವೊಮ್ಮೆ ಕಿರುಗುಟ್ಟುತ್ತದೆ.

ಕ್ಲಚ್ ಹಾಕಿದ್ದು ನಿನ್ನೆ, ಪೆಡಲ್ ಕುಸಿದದ್ದು ಇಂದು

ಹೊಸ ಕ್ಲಚ್ ಹಾಕಿದ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವುಗಳ ಮೂಲ ಕ್ಲಚ್ಚಿನಲ್ಲಿರುವುದಿಲ್ಲ, ಆಯಿಲ್ ಕಡೆ ಇರುತ್ತದೆ. ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಏಕೆಂದರೆ ಇದು ಗೊತ್ತಿಲ್ಲದೆ ಎಷ್ಟೋ ಜನ ಸುಮ್ಮನೆ ಎರಡನೇ ಸಲ ಗೇರ್‌ಬಾಕ್ಸ್ ಇಳಿಸುತ್ತಾರೆ.

ಮೊದಲನೆಯದು ಗಾಳಿ. ಇಂಜೆಕ್ಷನ್ ಸಿರಿಂಜಿನಲ್ಲಿ ನೀರು ತುಂಬಿ ಬಾಯಿ ಮುಚ್ಚಿ ಒತ್ತಿದರೆ ಅಲುಗಾಡುವುದಿಲ್ಲ. ಒಳಗೆ ಒಂದು ಗಾಳಿಗುಳ್ಳೆ ಸೇರಿದರೆ ಅಷ್ಟು ದೂರ ಮೆತ್ತಗೆ ಒಳಸರಿಯುತ್ತದೆ. ಪೈಪಿನಲ್ಲಿ ಗಾಳಿ ಇದ್ದಾಗ ಪೆಡಲ್ಲಿಗೂ ಇದೇ ಗತಿ. ಮೇಲಿನ ಭಾಗದಲ್ಲಿ ಪೊಳ್ಳು, ಕೆಳಗೆ ಮಾತ್ರ ಗಟ್ಟಿ. ಹಿಡಿಯುವ ಜಾಗ ನೆಲಕ್ಕೆ ಅಂಟಿಕೊಂಡಿರುತ್ತದೆ. ಮದ್ದು ಸುಲಭ: ಇಬ್ಬರು ಸೇರಿ ಸರಿಯಾಗಿ ಏರ್ ತೆಗೆಯಬೇಕು. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯುವುದು, ಇನ್ನೊಬ್ಬರು ಕೆಳಗೆ ಸ್ಲೇವಿನ ನಿಪ್ಪಲ್ ಸಡಿಲಿಸಿ ಆಯಿಲ್ ಬಿಡುವುದು, ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡುವುದು. ಗುಳ್ಳೆ ನಿಲ್ಲುವ ತನಕ ಇದನ್ನೇ ಮಾಡುತ್ತಿರಬೇಕು, ನಡುವೆ ಮೇಲಿನ ಆಯಿಲ್ ಡಬ್ಬಿ ಬರಿದಾಗಲು ಬಿಡಬಾರದು. ಎಂಎಕ್ಸ್-5ನ ಈ ಡಬ್ಬಿ ತೀರಾ ಚಿಕ್ಕದು, ಬೇಗ ಖಾಲಿಯಾಗುತ್ತದೆ; ಖಾಲಿಯಾದರೆ ಕೆಲಸ ಮೊದಲಿನಿಂದ.

ಎರಡನೆಯದು ಹೆಚ್ಚಿನವರಿಗೆ ಹೊಳೆಯದ ವಿಷಯ. ಹಳೆಯ ಪ್ಲೇಟ್ ಸವೆದಂತೆ ಸ್ಪ್ರಿಂಗಿನ ಎಸಳುಗಳು ಗೇರ್‌ಬಾಕ್ಸಿನ ಕಡೆಗೆ ವಾಲುತ್ತಾ ಸ್ಲೇವಿನ ಪಿಸ್ಟನ್ನನ್ನು ಒಳಕ್ಕೆ ದೂಡುತ್ತಿರುತ್ತವೆ. ಪಿಸ್ಟನ್ ವರ್ಷಗಟ್ಟಲೆ ಸಿಲಿಂಡರಿನ ಒಳಭಾಗದಲ್ಲೇ ಓಡಾಡಿಕೊಂಡಿರುತ್ತದೆ. ಹೊರಭಾಗದ ಗೋಡೆಯ ಮೇಲೆ ತೇವ, ತುಕ್ಕು, ಕಪ್ಪು ಗಸಿ ಕೂರುತ್ತದೆ. ಹೊಸ ಪ್ಲೇಟ್ ಹಾಕಿದ ದಿನ ಎಸಳುಗಳು ಫ್ಲೈವೀಲಿನ ಕಡೆಗೆ ಮರಳುತ್ತವೆ. ಪಿಸ್ಟನ್ ಒಮ್ಮೆಲೇ ಮುಂದೆ ಬಂದು ಆ ತುಕ್ಕಿನ ಗೋಡೆಯ ಮೇಲೆ ಉಜ್ಜತೊಡಗುತ್ತದೆ. ಹಳೆಯ ರಬ್ಬರ್ ಸೀಲು ಅದನ್ನು ತಾಳುವುದಿಲ್ಲ. ಮಾಸ್ಟರ್ ಸಿಲಿಂಡರಿನಲ್ಲೂ ಇಂಥದ್ದೇ ಆಗುತ್ತದೆ: ಏರ್ ತೆಗೆಯುವಾಗ ಪೆಡಲನ್ನು ತಳದವರೆಗೆ ಒತ್ತುತ್ತಾರೆ, ಸೀಲು ಸಾಮಾನ್ಯವಾಗಿ ಹೋಗದ ಜಾಗಕ್ಕೆ ಹೋಗಿ ಗೀರಿಕೊಳ್ಳಬಹುದು. ಕೆಲವೇ ದಿನಗಳಲ್ಲಿ ಪೆಡಲ್ ಕುಸಿಯುತ್ತದೆ, ಬೈಗುಳ ಮಾತ್ರ ಹೊಸ ಕ್ಲಚ್ಚಿಗೆ.

ಎಂಎಕ್ಸ್-5ನ ಮೊದಲೆರಡು ತಲೆಮಾರಿನಲ್ಲಿ ಸ್ಲೇವ್ ಸಿಲಿಂಡರ್ ಸೋರುವುದು ಬಹಳ ಹಳೆಯ ಕಾಯಿಲೆ. ಪರೀಕ್ಷೆ ಹೀಗೆ: ಗಾಡಿಯನ್ನು ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸ್ಲೇವಿನ ತುದಿಯ ರಬ್ಬರ್ ಟೋಪಿಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಎತ್ತಿ. ಒಳಗೆ ಒಣಗಿದ್ದರೆ ಸರಿ. ತೇವವಿದ್ದರೆ, ಕಪ್ಪು ಆಯಿಲ್ ಬೆರಳಿಗೆ ಹತ್ತಿದರೆ ಅದರ ಆಯಸ್ಸು ಮುಗಿದಿದೆ. ಮಾಸ್ಟರ್ ಸೋರುತ್ತಿದ್ದರೆ ಕಾಲಿಡುವ ಜಾಗದಲ್ಲಿ, ಪೆಡಲ್ ಮೇಲ್ತುದಿಯಲ್ಲಿ ರಾಡ್ ಒಳಹೋಗುವಲ್ಲಿ ಜಿಡ್ಡು ಕಾಣುತ್ತದೆ. ಕ್ಲಚ್ಚಿನಲ್ಲಿರುವುದೂ ಬ್ರೇಕ್ ಆಯಿಲ್ಲೇ; ಅದು ಪೇಂಟನ್ನು ಕಿತ್ತುಹಾಕುತ್ತದೆ, ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ.

ಮೇಲಿನ ಡಬ್ಬಿಯ ಮಟ್ಟದಿಂದಲೂ ಒಂದು ಸುಳಿವು ಸಿಗುತ್ತದೆ. ಪ್ಲೇಟ್ ಸವೆದಂತೆ ಪಿಸ್ಟನ್ ಒಳಸರಿಯುವುದರಿಂದ ಆಯಿಲ್ ಡಬ್ಬಿಗೆ ಮರಳುತ್ತದೆ. ಮಟ್ಟ ತುಸು ಏರಬೇಕೇ ಹೊರತು ಇಳಿಯಬಾರದು. ಹಾಗಾಗಿ ಹೊಸ ಕ್ಲಚ್ ಹಾಕಿಸಿ ಏರ್ ತೆಗೆಸಿದ ದಿನವೇ ಡಬ್ಬಿಯ ಮೇಲೆ ಗುರುತು ಹಾಕಿಡಿ. ಆಮೇಲೆ ಮಟ್ಟ ಇಳಿಯಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಮೂರನೆಯದು ಪೆಡಲ್ ರಾಡಿನ ಹೊಂದಾಣಿಕೆ. ಕ್ಲಚ್ ಕೆಳಗೆ ಹಿಡಿಯುತ್ತದೆ ಎಂದು ದೂರಿದರೆ ಕೆಲವರು ರಾಡನ್ನು ಉದ್ದ ಮಾಡಿ ಕೊಡುತ್ತಾರೆ. ಹಿಡಿಯುವ ಜಾಗ ಮೇಲೇರುತ್ತದೆ, ಗಿರಾಕಿಗೆ ಖುಷಿ. ಆದರೆ ಪೆಡಲ್ ಇಳಿಯತೊಡಗುವಾಗ ಕೆಲವು ಮಿಲಿಮೀಟರಿನಷ್ಟು ಸಡಿಲ, ಅಂದರೆ ಫ್ರೀ ಪ್ಲೇ, ಉಳಿಯಲೇಬೇಕು. ಅದು ಪೂರ್ತಿ ಹೋದರೆ ಮಾಸ್ಟರ್ ಸಿಲಿಂಡರಿನಿಂದ ಡಬ್ಬಿಗೆ ಆಯಿಲ್ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಎಂಜಿನ್ ಬಿಸಿಗೆ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಸ್ಲೇವನ್ನು ಒತ್ತುತ್ತದೆ, ಕಾಲಿಡದೆಯೇ ಕ್ಲಚ್ ಅರೆಬರೆ ಬಿಡುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಗಾಡಿ ಟ್ರಾಫಿಕ್ಕಿನಲ್ಲಿ ಬಿಸಿಯಾದ ಮೇಲೆ ಸ್ಲಿಪ್ ಹೊಡೆಯುತ್ತದೆ. ಹೀಗೆ ಹೊಸ ಪ್ಲೇಟನ್ನು ಸುಟ್ಟುಕೊಳ್ಳುವುದು ಅತಿ ಸುಲಭ. ಪೆಡಲನ್ನು ಕೈಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ರಾಡ್ ಪಿಸ್ಟನ್ನಿಗೆ ತಗಲುವ ಮುನ್ನ ಸ್ವಲ್ಪ ಸಡಿಲವಿದೆಯೇ ಎಂಬುದು ಬೆರಳಿಗೇ ತಿಳಿಯುತ್ತದೆ. ಖಚಿತ ಅಳತೆ ಆಯಾ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿರುತ್ತದೆ.

ಇನ್ನೊಂದು, ಖರ್ಚಿಲ್ಲದ್ದು. ಪೆಡಲ್ ಕೆಳಗೆ ದಪ್ಪ ಮ್ಯಾಟ್ ಇದ್ದರೆ ತೆಗೆದುಹಾಕಿ ನೋಡಿ. ಅದು ಕದಿಯುವ ಅಷ್ಟು ದೂರವೇ ಕೆಲವೊಮ್ಮೆ ಗೇರ್ ಕರ್ ಎನ್ನಲು ಸಾಕು.

ಕಾಲಿನಿಂದಲೇ ಮಾಡುವ ಪರೀಕ್ಷೆಗಳು

ಸಮತಟ್ಟಾದ, ಮುಂದೆ ಹಿಂದೆ ಜಾಗವಿರುವ ಕಡೆ ಗಾಡಿ ನಿಲ್ಲಿಸಿ. ಎಂಜಿನ್ ಐಡಲ್‌ನಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ, ಐದು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಹಲವು ಗೇರ್‌ಬಾಕ್ಸುಗಳಲ್ಲಿ ರಿವರ್ಸ್‌ಗೆ ಗೇರಿನ ವೇಗ ಹೊಂದಿಸುವ ಸಿಂಕ್ರೊ ಇರುವುದಿಲ್ಲ, ಹಾಗಾಗಿ ಕ್ಲಚ್ ಪೂರ್ತಿ ಬಿಡುತ್ತಿದೆಯೇ ಎಂಬುದನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಸದ್ದಿಲ್ಲದೆ ಕೂತರೆ ಸರಿ. ಐದು ಎಣಿಸಿದ ಮೇಲೂ ಕರ್ ಎಂದರೆ ಕ್ಲಚ್ ಬಿಡುತ್ತಿಲ್ಲ.

ಆಗ ಪೆಡಲನ್ನು ಬೇಗಬೇಗ ಮೂರು ನಾಲ್ಕು ಸಲ ಒತ್ತಿ ಮತ್ತೆ ನೋಡಿ. ಹಿಡಿಯುವ ಜಾಗ ಮೇಲೆ ಬಂದು ಗೇರ್ ಸಲೀಸಾಗಿ ಕೂತರೆ ಪೈಪಿನಲ್ಲಿ ಗಾಳಿಯಿದೆ ಅಥವಾ ಸೀಲು ಹೋಗಿದೆ. ಸೀಲಿನ ಮೇಲೆ ಅನುಮಾನವಿದ್ದರೆ ಕ್ಲಚ್ ಒತ್ತಿ, ಮೊದಲ ಗೇರಿನಲ್ಲಿ ಇಟ್ಟು, ಬ್ರೇಕ್ ಮೇಲೆ ಕಾಲು ಸಿದ್ಧವಿಟ್ಟುಕೊಂಡು ಒಂದು ನಿಮಿಷ ಹಾಗೇ ಹಿಡಿಯಿರಿ. ಹೊರಗೆಲ್ಲೂ ಸೋರದೆ, ಪೆಡಲ್ ಅಲುಗದೆ ಇದ್ದರೂ ಗಾಡಿ ಮೆಲ್ಲಗೆ ಮುಂದೆ ಎಳೆಯತೊಡಗಿದರೆ ಮಾಸ್ಟರ್ ಸಿಲಿಂಡರಿನ ಸೀಲು ಒಳಗೊಳಗೇ ಒತ್ತಡ ಬಿಡುತ್ತಿದೆ.

ಪಂಪ್ ಮಾಡಿದರೂ ಬದಲಾವಣೆಯಿಲ್ಲದಿದ್ದರೆ ಸ್ಲೇವಿನ ರಾಡ್ ನೋಡುವ ಸಮಯ ಬಂತು. ಎಂಜಿನ್ ಆಫ್ ಮಾಡಿ, ಗಾಡಿ ಸ್ಟ್ಯಾಂಡ್ ಮೇಲಿರುವಾಗ ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಕೆಳಗಿನಿಂದ ಸ್ಕೇಲ್ ಹಿಡಿದು ನೋಡಲಿ. ರಾಡ್ ಒಂದು ಸೆಂಟಿಮೀಟರಿಗಿಂತ ಚೆನ್ನಾಗಿ ಹೆಚ್ಚು ದೂರ ಹೊರಬರಬೇಕು. ಅಷ್ಟು ಬರದಿದ್ದರೆ ದೋಷ ಆಯಿಲ್ ಕಡೆ ಇಲ್ಲವೇ ಪೆಡಲ್ಲಿನ ಸವೆದ ಪಿನ್ನಿನಲ್ಲಿ, ಗೇರ್‌ಬಾಕ್ಸ್ ಮುಟ್ಟಬೇಡಿ. ಪೂರ್ತಿ ಬರುತ್ತಿದ್ದೂ ಕ್ಲಚ್ ಬಿಡದಿದ್ದರೆ ಮಾತ್ರ ಒಳಗೆ ತಪ್ಪಾಗಿದೆ. ಕೆಲವೇ ನಿಮಿಷದ ಈ ಅಳತೆ ಇಡೀ ದಿನದ ಕೂಲಿ ಉಳಿಸುತ್ತದೆ.

ಸದ್ದಿಗೂ ಕಿವಿಗೊಡಿ. ಪೆಡಲ್ ಒತ್ತಿದಾಗ ಮಾತ್ರ ಗೊಯ್ ಎಂದರೆ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಸದ್ದಿದ್ದು ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗ್. ಗೇರ್ ಹಾಕಿ, ಪೆಡಲ್ ಒತ್ತಿ ನಿಂತಾಗ ಕೇಳುವ ಕಿರುಗುಟ್ಟುವಿಕೆ ಫ್ಲೈವೀಲಿನ ನಡುವೆ ಕೂರುವ ಪೈಲಟ್ ಬೇರಿಂಗಿನದ್ದಿರಬಹುದು. ಈ ಪುಟ್ಟ ಬೇರಿಂಗನ್ನು ಬದಲಾಯಿಸದೆ ಬಿಟ್ಟರೆ ಅದು ಶಾಫ್ಟನ್ನು ತಿರುಗಿಸುತ್ತಲೇ ಇದ್ದು, ಹೊಸ ಕ್ಲಚ್ ಕೂಡ ಬಿಡುತ್ತಿಲ್ಲ ಅನ್ನಿಸುತ್ತದೆ.

ಗೇರ್‌ಬಾಕ್ಸ್ ಮತ್ತೆ ಇಳಿಸಲೇಬೇಕಾದಾಗ

ಒಳಗಿನ ತಪ್ಪುಗಳಲ್ಲಿ ದೊಡ್ಡದು ಪ್ಲೇಟನ್ನು ತಿರುವುಮುರುವು ಹಾಕುವುದು. ಫ್ಲೈವೀಲಿನ ಕಡೆ ಯಾವುದೆಂದು ಪ್ಲೇಟಿನ ಮೇಲೇ ಗುರುತಿರುತ್ತದೆ. ತಿರುಗಿ ಕೂತರೆ ಅದರ ನಡುವಿನ ದಪ್ಪ ಭಾಗ ಫ್ಲೈವೀಲಿನ ಬೋಲ್ಟುಗಳಿಗೆ ತಗಲಿ ಕ್ಲಚ್ ಬಿಡುವುದೇ ಇಲ್ಲ. ಗ್ರೀಸಿನದು ಇನ್ನೊಂದು ಪಾಡು. ಶಾಫ್ಟಿನ ಹಲ್ಲುಗಳಿಗೆ ಏನೂ ಹಚ್ಚದಿದ್ದರೆ ಪ್ಲೇಟ್ ಸಲೀಸಾಗಿ ಜಾರುವುದಿಲ್ಲ. ಮೆತ್ತಿಬಿಟ್ಟರೆ ಅದು ತಿರುಗುವಾಗ ಸಿಡಿದು ಲೈನಿಂಗ್ ಮೇಲೆ ಬೀಳುತ್ತದೆ, ಗಾಡಿ ಹೊರಡುವಾಗ ಮೈಯೆಲ್ಲ ನಡುಗುತ್ತದೆ. ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಬೇಕು. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯದೆ ಒಂದೊಂದನ್ನೇ ಪೂರ್ತಿ ತಿರುಗಿಸಿದರೆ ಅದರ ಕವಚ ಸೊಟ್ಟಗಾಗುತ್ತದೆ; ಆಗ ಪೆಡಲ್ಲಿನಲ್ಲಿ ಮಿಡಿತ ತಿಳಿಯುತ್ತದೆ. ಹೊಸ ಫ್ಲೈವೀಲಿನ ಮೇಲಿನ ತುಕ್ಕು ತಡೆಯುವ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ತೊಳೆಯದೆ ಕೂರಿಸುವವರೂ ಇದ್ದಾರೆ.

ಎಂಎಕ್ಸ್-5ರಲ್ಲಿ ಗಮನಿಸಬೇಕಾದ ಇನ್ನೊಂದು, ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಜೋಡಿಸುವ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು. ಕ್ಲಚ್ ಕೆಲಸಕ್ಕೆ ಅದನ್ನು ಬಿಚ್ಚಲೇಬೇಕು. ಮತ್ತೆ ಕಟ್ಟುವಾಗ ಗೇರ್‌ಬಾಕ್ಸಿನ ಎತ್ತರ ಅಳೆದು ಸರಿಮಾಡದಿದ್ದರೆ ವೇಗದಲ್ಲಿ ನಡುಕ ಬರುತ್ತದೆ. ಅದನ್ನು ಕ್ಲಚ್ಚಿನ ತಪ್ಪೆಂದು ತಿಳಿಯಬೇಡಿ.

ಬೇರೆ ಸ್ಪೋರ್ಟ್ಸ್ ಕಾರುಗಳಿಗೆ ಅವುಗಳದೇ ಲೆಕ್ಕವಿದೆ. ಬಿಎಂಡಬ್ಲ್ಯು ಇ46 ಎಂ3ಯಲ್ಲಿರುವುದು ಸವೆತಕ್ಕೆ ತಾನೇ ಹೊಂದಿಕೊಳ್ಳುವ ಪ್ರೆಷರ್ ಪ್ಲೇಟ್. ಪೆಡಲ್ಲಿನ ಭಾರ ಆಯಸ್ಸಿನುದ್ದಕ್ಕೂ ಹೆಚ್ಚು ಕಡಿಮೆ ಒಂದೇ. ಅದನ್ನು ಅದರದೇ ಟೂಲ್ ಇಲ್ಲದೆ ಬಿಗಿದರೆ ಒಳಗಿನ ಉಂಗುರ ಜಾಗ ತಪ್ಪಿ ಹೊಸ ಕ್ಲಚ್ಚೇ ಸರಿಯಾಗಿ ಬಿಡದೆ ಹೋಗಬಹುದು. ಇ46 ಕಾಲದ ಹಲವು ಬಿಎಂಡಬ್ಲ್ಯುಗಳ ಪೈಪಿನಲ್ಲಿ ಆಯಿಲ್ ಹಿಂದಿರುಗುವುದನ್ನು ನಿಧಾನಿಸುವ ಸಣ್ಣ ವಾಲ್ವ್ ಇದೆ, ಕ್ಲಚ್ ತಡವಾಗಿ ಹಿಡಿದಂತೆ ಅನ್ನಿಸುವುದು ಅದರಿಂದ. ಪೋರ್ಷೆ 996 ಟರ್ಬೊದಲ್ಲಿ ಪವರ್ ಸ್ಟಿಯರಿಂಗ್ ಪಂಪಿನ ಒತ್ತಡವೇ ಕ್ಲಚ್ಚಿಗೂ ನೆರವಾಗುತ್ತದೆ. ಆ ನೆರವು ಕೈಕೊಟ್ಟರೆ ಪೆಡಲ್ ಒಮ್ಮೆಲೇ ವಿಪರೀತ ಭಾರ. ಗಾಡಿಯನ್ನು ಬಲ್ಲ ಮೆಕ್ಯಾನಿಕ್ ಹತ್ತಿರವೇ ಹೋಗಿ.

ಸೆಟ್ ಆಗುವುದೆಂದರೆ ಏನು?

ಹೊಸ ಲೈನಿಂಗ್ ಮತ್ತು ಫ್ಲೈವೀಲಿನ ಮೈ ಒಂದಕ್ಕೊಂದು ಹೊಂದಿಕೊಳ್ಳಲು ಸಮಯ ಬೇಕು. ಸಾಮಾನ್ಯವಾಗಿ ಹೇಳುವ ಅಳತೆ 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್. ಆದರೆ ಹೈವೇಯಲ್ಲಿ ಒಂದೇ ಗೇರಿನಲ್ಲಿ ಓಡಿದ ದೂರ ಇದಕ್ಕೆ ಲೆಕ್ಕವಿಲ್ಲ. ಊರೊಳಗೆ ನಿಂತು ಹೊರಟು, ಕ್ಲಚ್ ಹಿಡಿದು ಬಿಟ್ಟು ಆಗುವ ಬಳಕೆಯೇ ಬೇಕು. ಈ ಅವಧಿಯಲ್ಲಿ ಎಂಜಿನ್ ರೇಸ್ ಮಾಡಿ ಕ್ಲಚ್ ಥಟ್ಟನೆ ಬಿಡುವುದು, ಏರಿನಲ್ಲಿ ಹಾಫ್ ಕ್ಲಚ್ ಮೇಲೆ ನಿಲ್ಲುವುದು ಬೇಡವೇ ಬೇಡ. ಹೊರಡುವಾಗಿನ ತುಸು ಒದರಾಟ, ಸುಟ್ಟಂಥ ಸಣ್ಣ ವಾಸನೆ, ಹಿಡಿಯುವ ಜಾಗ ಕೊಂಚ ಸರಿಯುವುದು ಇಷ್ಟು ಈ ದಿನಗಳಲ್ಲಿ ಸಹಜ, ತಾನಾಗಿ ನಿಲ್ಲುತ್ತದೆ. ಹೊಂದಿಕೊಂಡ ಮೇಲೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಿಧಾನದಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟು ನೋಡಿ; ವೇಗ ಏರದೆ ಎಂಜಿನ್ನಿನ ಸುತ್ತು ಮಾತ್ರ ಏರಿದರೆ ಸ್ಲಿಪ್ ಇದೆ.

ಗೇರ್ ಕರ್ ಎನ್ನುವುದು, ಪೆಡಲ್ ನೆಲದಲ್ಲೇ ಉಳಿಯುವುದು, ಪಂಪ್ ಮಾಡಿದರೆ ಮಾತ್ರ ಗೇರ್ ಬೀಳುವುದು, ಆಯಿಲ್ ಮಟ್ಟ ಇಳಿಯುವುದು ಈ ಪಟ್ಟಿಗೆ ಸೇರಿದವಲ್ಲ. ಇವು 800 ಕಿಲೋಮೀಟರ್ ಆದ ಮೇಲೂ ಹಾಗೇ ಇರುತ್ತವೆ, ಅಷ್ಟರಲ್ಲಿ ಗೇರ್‌ಬಾಕ್ಸಿನ ಸಿಂಕ್ರೊ ಸವೆದಿರುತ್ತದೆ.

ಕ್ಲಚ್ ಕೆಲಸ ಕೊಡುವಾಗಲೇ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಮಾಸ್ಟರ್, ಸ್ಲೇವ್, ರಬ್ಬರ್ ಪೈಪ್ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಹೇಳಿ. ಎಂಎಕ್ಸ್-5ಗೆ ಇವುಗಳ ಬೆಲೆ ಗೇರ್‌ಬಾಕ್ಸ್ ಇಳಿಸುವ ಕೂಲಿಯ ಮುಂದೆ ಅಲ್ಪ. ಗೇರ್‌ಬಾಕ್ಸ್ ಕೆಳಗಿರುವಾಗ, ಸ್ಲೇವ್ ನೇತಾಡುತ್ತಿರುವಾಗ ಯಾರೂ ಪೆಡಲ್ ಒತ್ತದಂತೆ ಸ್ಟಿಯರಿಂಗ್‌ಗೆ ಒಂದು ಚೀಟಿ ಕಟ್ಟಲು ಹೇಳಿ. ಒತ್ತಿದರೆ ಪಿಸ್ಟನ್ ಹೊರಗೆ ಹಾರಿಬರುತ್ತದೆ. ಹಳೆಯ ಪ್ಲೇಟ್, ಹಳೆಯ ಬೇರಿಂಗ್ ಕೇಳಿ ತೆಗೆದುಕೊಳ್ಳಿ. ದುಡ್ಡು ಕೊಡುವ ಮುಂಚೆ ಮೆಕ್ಯಾನಿಕ್ಕನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಎಂಜಿನ್ ಬಿಸಿಯಾಗುವ ತನಕ ಓಡಿಸಿ, ರಿವರ್ಸ್ ಪರೀಕ್ಷೆಯನ್ನು ಅವರ ಎದುರಿಗೇ ಮಾಡಿ.